ರೋಮನ್ ಸೇನೆಯ ಮಂಗಳೂರು ಪರಾಭವ: ಒಂದು ಸಂಶೋಧನ ಪ್ರಬಂಧ

ರೋಮನ್ ಸೇನೆ ಕಾರ್ತೇಜನ್ನು ಸುಟ್ಟಿತು, ಗಾಲರನ್ನು ಗೆದ್ದಿತು, ಈಜಿಪ್ಟನ್ನು ನುಂಗಿತು. ಮಂಗಳೂರಿಗೆ ಮಾತ್ರ ಬರಲಿಲ್ಲ. ದೂರವೇ ಕಾರಣವೆಂದು ವಿದ್ವಾಂಸರು ತಿಳಿದಿದ್ದಾರೆ. ಹೆದರಿಕೆಯೇ ಕಾರಣವೆಂಬುದು ಪ್ರಸ್ತುತ ಪ್ರಬಂಧದ ಸಿದ್ಧಾಂತ.

ಪ್ರಮಾಣ ಬೇಕಷ್ಟೆ? ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿಯೇ ಸಾಕ್ಷಿ. ಕಡಲ್ಗಳ್ಳರ ಕಾಟದಿಂದಾಗಿ ಭಾರತಕ್ಕೆ ಹೋಗುವ ಹಡಗುಗಳಲ್ಲಿ ಬಿಲ್ಲುಗಾರರ ತುಕಡಿಗಳನ್ನು ಕೂರಿಸುತ್ತಿದ್ದರೆಂದು ಆತ ಬರೆದಿದ್ದಾನೆ. ಮುಜಿರಿಸ್ ಬಂದರಿಗೆ ಹೋಗದಿರುವುದೇ ಲೇಸು, ಹತ್ತಿರದ ನಿತ್ರಿಯಾಸ್‌ನಲ್ಲಿ ಕಳ್ಳರಿದ್ದಾರೆ ಎಂದೂ ಸೇರಿಸಿದ್ದಾನೆ. ನಿತ್ರಿಯಾಸ್ ಎಂದರೆ ನಮ್ಮ ನೇತ್ರಾವತಿಯ ಅಳಿವೆ ಎಂಬುದು ಹಲವು ಇತಿಹಾಸಕಾರರ ಮತ. ಅಲ್ಲ, ಅದು ನೇತ್ರಾಣಿ ದ್ವೀಪ ಎನ್ನುವ ಪಕ್ಷವೂ ಉಂಟು. ಆ ಪಕ್ಷದವರಿಗೆ ಮುರುಡೇಶ್ವರದಲ್ಲಿ ನೆಂಟರಿರಬೇಕು.

ದೂರು ಕೊಟ್ಟವನು ಸಾಮಾನ್ಯನಲ್ಲ, ಮಿಸೇನಮ್ ನೌಕಾಪಡೆಯ ದಂಡನಾಯಕನಾಗಿದ್ದವನು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಉಗುಳುತ್ತಿದ್ದಾಗ ಹಡಗನ್ನು ಅದರ ಕಡೆಗೇ ತಿರುಗಿಸಿ ಹೋಗಿ ಸತ್ತ. ಜ್ವಾಲಾಮುಖಿಗೆ ಹೆದರದವನೂ ನೇತ್ರಾವತಿಗೆ ಹೆದರಿದ್ದನೆಂಬುದನ್ನು ಪಂಡಿತರು ಗಮನಿಸಬೇಕು.

ಆಕ್ಷೇಪ: ಹಾಗಾದರೆ ಇಲ್ಲಿ ಅಂಥ ಸೈನ್ಯವಿತ್ತೆ? ಸಮಾಧಾನ: ಬೇಕಿರಲಿಲ್ಲ ಮಾರಾಯ್ರೆ, ಮಳೆ ಇತ್ತು. ರೋಮನ್ನರ ಹಡಗುಗಳು ಮುಂಗಾರು ಗಾಳಿ ಹಿಡಿದೇ ಬರಬೇಕು. ಕೊಂಬು, ಸ್ನಾಯು, ಅಂಟು ಸೇರಿಸಿ ಮಾಡಿದ ಬಿಲ್ಲು ತೇವಕ್ಕೆ ಬಿಟ್ಟುಕೊಳ್ಳುತ್ತದೆ. ಕಬ್ಬಿಣದ ಕವಚಕ್ಕೆ ಉಪ್ಪುಗಾಳಿ ಏನು ಮಾಡುತ್ತದೆಂದು ಪಣಂಬೂರಿನಲ್ಲಿ ಬೈಕು ನಿಲ್ಲಿಸುವ ಯಾರನ್ನಾದರೂ ಕೇಳಿ.

ಇನ್ನು ರೋಮನ್ನರ ಹೆಮ್ಮೆಯ ಆಮೆವ್ಯೂಹ. ತಲೆಯ ಮೇಲೆ ಗುರಾಣಿಗಳನ್ನು ಒತ್ತಾಗಿ ಜೋಡಿಸಿ ಬಾಣ ತಾಗದಂತೆ ಮುಂದೆ ಹೋಗುವುದು. ಮಳೆ ತಡೆಯುವ ಗೊರಬು ಹೊದ್ದು, ಸಾಲಾಗಿ ಬಗ್ಗಿ ನೇಜಿ ನೆಡುತ್ತಿದ್ದ ತುಳುನಾಡಿನ ಹೆಂಗಸರು ಮಾಡುತ್ತಿದ್ದುದೂ ಇದನ್ನೇ. ಇವರು ಹಿಂದೆ ಹಿಂದೆ ಹೋಗುತ್ತಿದ್ದರು, ಹಾಡೂ ಹೇಳುತ್ತಿದ್ದರು, ಸಂಜೆಗೆ ಗದ್ದೆಯೂ ಮುಗಿಯುತ್ತಿತ್ತು. ಹಡಗಿನ ಮೇಲಿನಿಂದ ಯಾವನೋ ಬಿಲ್ಲುಗಾರ ಈ ಸಾಲನ್ನು ಕಂಡು, ಇಲ್ಲಿ ದೊಡ್ಡ ದಂಡು ಬಿಟ್ಟಿದೆಯೆಂದು ವರದಿ ಮಾಡಿರಬೇಕು. ಪುರಾವೆ ಇಲ್ಲ. ವಿರುದ್ಧ ಪುರಾವೆಯೂ ಇಲ್ಲ. ನಮ್ಮ ಸಂಶೋಧನೆಗೆ ಅಷ್ಟು ಸಾಕು.

ಆಯುಧದ ವಿಚಾರಕ್ಕೆ ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿ 1903ರಲ್ಲಿ ಅಚ್ಚಾದ ಗ್ರೀಕ್ ಪ್ರಹಸನವನ್ನು ನೋಡಬೇಕು. ಅದರೊಳಗಿನ ಪರಭಾಷೆ ಕನ್ನಡವೆಂದವರಲ್ಲಿ ಮಂಗಳೂರಿನಲ್ಲೇ ಹುಟ್ಟಿದ ಗೋವಿಂದ ಪೈಗಳೂ ಒಬ್ಬರು; ತುಳುವೆಂದು ಹಟ ಹಿಡಿದವರೂ ಇದ್ದಾರೆ. ಸೆರೆಯಲ್ಲಿದ್ದ ಖಾರಿತಿಯೋನ್ ಎಂಬವಳನ್ನು ಬಿಡಿಸಲು ಗ್ರೀಕರು ಇಲ್ಲಿನ ಅರಸನಿಗೆ ನೀರು ಬೆರೆಸದ ದ್ರಾಕ್ಷಾರಸ ಕುಡಿಸಿ ಕಟ್ಟಿಹಾಕುತ್ತಾರೆ. ಅವರ ಕಡೆಯ ವಿದೂಷಕನಂತೂ ಹೂಸು ಬಿಟ್ಟೇ ಶತ್ರುಗಳನ್ನು ಓಡಿಸುತ್ತಾನೆ. ಪಾಶ್ಚಾತ್ಯರು ಈ ಕರಾವಳಿಯ ಮೇಲೆ ಪ್ರಯೋಗಿಸಿದ ಮೊದಲ ವಾಯವ್ಯಾಸ್ತ್ರವಿದು. ಕತ್ತಿಯಿಂದ ಆಗುವ ಕೆಲಸವಾಗಿದ್ದರೆ ಇಷ್ಟು ಕೆಳಗೆ ಯಾರು ಇಳಿಯುತ್ತಿದ್ದರು?

ಪ್ಲಿನಿ ಕೊನೆಗೆ ವ್ಯಾಪಾರಿಗಳಿಗೆ ಬೇರೊಂದು ಬಂದರನ್ನು ಸೂಚಿಸಿ ಕೈತೊಳೆದುಕೊಂಡ. ಯುದ್ಧಶಾಸ್ತ್ರದಲ್ಲಿ ಇದನ್ನು ಪಲಾಯನವೆನ್ನುತ್ತಾರೆ. ಆದುದರಿಂದ ಹಳೆ ಬಂದರಿನಲ್ಲಿ ‘ರೋಮ್ ಇಲ್ಲಿ ಸೋತಿತು’ ಎಂಬ ಫಲಕವೊಂದನ್ನು ಹಾಕಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿ. ಮುರುಡೇಶ್ವರದವರು ಅರ್ಜಿ ಕೊಡುವ ಮುಂಚೆಯೇ ಆದರೆ ಒಳ್ಳೆಯದು.