ಹಿಂದಿನ ದೀಪದ ಪತ್ತೇದಾರಿಕೆ

ಅಮೆರಿಕದ ಮೋಟರ್‌ಹೋಮ್ ಅಂದರೆ ಅಡುಗೆಮನೆ, ಹಾಸಿಗೆ, ಕಕ್ಕಸು ಸಮೇತ ಹೆದ್ದಾರಿಗಿಳಿದ ಸಂಸಾರ. ಒಳಗೆ ಫ್ರಿಜ್ಜು ತಣ್ಣಗಿರುತ್ತದೆ, ಟಿವಿ ಹಾಡುತ್ತಿರುತ್ತದೆ. ಆದರೆ ಕೆಲವೊಮ್ಮೆ ಬ್ರೇಕ್ ಒತ್ತಿದರೂ ದೀಪ ಹತ್ತದೆ ಹಿಂದೆ ಕತ್ತಲೆ. ಅದು ಗೊತ್ತಾಗುವುದೂ ಹಿಂದಿನವನ ಹಾರ್ನ್ ಕೇಳಿದಾಗಲೇ.

ಪರೀಕ್ಷೆಗೆ ಇಬ್ಬರು ಬೇಕು. ಯಜಮಾನರ ಕಾಲು ಪೆಡಲ್ ಮೇಲೆ, ಯಜಮಾನ್ತಿ ಗಾಡಿಯ ಹಿಂದೆ. ನಡುವೆ ಮೂವತ್ತು ಅಡಿ.

"ಹತ್ತಿತೇನೇ?"

"ಏನಂದ್ರೀ?"

ದೀಪಕ್ಕಿಂತ ಮೊದಲು ಹತ್ತಿಕೊಳ್ಳುವುದು ಜಗಳ.

ಬಲ್ಬು, ಫ್ಯೂಸು, ಪೆಡಲ್ ಹತ್ತಿರದ ಸ್ವಿಚ್ಚು ಎಲ್ಲ ಸರಿಯಿದೆ ಅನ್ನಿ. ಮೇಲಿನ ಮೂರನೇ ದೀಪ ಉರಿಯುತ್ತಿದೆ, ಕೆಳಗಿನವೆರಡರದು ಮಾತ್ರ ಮುಷ್ಕರ. ಆಗ ಗುಮಾನಿ ಪಡಬೇಕಾದ್ದು ಸ್ಟಿಯರಿಂಗ್ ಬುಡದಲ್ಲಿ ಸಾಧುವಿನಂತೆ ಕೂತ ಇಂಡಿಕೇಟರ್ ಸ್ವಿಚ್ಚಿನ ಮೇಲೆ! ಅಮೆರಿಕದ ಬಹಳಷ್ಟು ಹಳೆಯ ಗಾಡಿಗಳಲ್ಲಿ ಬ್ರೇಕಿಗೂ ತಿರುವಿಗೂ ಉರಿಯುವುದು ಒಂದೇ ಫಿಲಮೆಂಟು. ಬ್ರೇಕಿನ ಕರೆಂಟು ಇಂಡಿಕೇಟರ್ ಸ್ವಿಚ್ಚಿನ ಅಪ್ಪಣೆ ಪಡೆದೇ ಹಿಂದಕ್ಕೆ ಹೋಗಬೇಕು. ಯಾವ ಮಹಾನುಭಾವನ ಉಳಿತಾಯವೋ ಇದು.

ಅದೂ ನಿರ್ದೋಷಿಯಾದರೆ ಅರ್ಥಿಂಗ್ ತಂತಿ ಹುಡುಕಿ ತುಕ್ಕು ಉಜ್ಜಬೇಕು. ಫೈಬರ್‌ಗ್ಲಾಸ್ ಮೈಯಲ್ಲಿ ಕರೆಂಟು ಹರಿಯುವುದಿಲ್ಲ, ಎಲ್ಲಕ್ಕೂ ಷಾಸಿವರೆಗೆ ತಂತಿಯೇ ಗತಿ. ಕೇಳೋಣವೆಂದರೆ ಷಾಸಿ ಮಾಡಿದವರೊಬ್ಬರು, ಮನೆ ಕಟ್ಟಿದವರೊಬ್ಬರು. "ತಪ್ಪು ಅವರದು" ಅನ್ನುವುದರಲ್ಲಿ ಮಾತ್ರ ಇಬ್ಬರದೂ ಒಂದೇ ಮಾತು.