ಮೈಲೇಜೆಂಬ ಮಾಯೆ, ಗಾಳಿಯೆಂಬ ಸತ್ಯ

ಕುಟುಂಬದ ಎಸ್‌ಯುವಿಗೆ ಮೂರು ಮೈಲೇಜುಗಳಿರುತ್ತವೆ: ಒಂದು ಜಾಹೀರಾತಿನದು, ಇನ್ನೊಂದು ಮಾಲೀಕನು ನೆಂಟರ ಮುಂದೆ ಹೇಳುವಂಥದು, ಮೂರನೆಯದು ಯಾರಿಗೂ ಕಾಣದಂತೆ ಬಂಕಿನ ರಸೀದಿಯಲ್ಲಿ ಅಡಗಿರುವಂಥದು. ಮೊದಲನೆಯದು ಪ್ರಯೋಗಾಲಯದ ಉರುಳೆಗಳ ಮೇಲೆ ಚಕ್ರಗಳನ್ನು ನಿಂತಲ್ಲೇ ತಿರುಗಿಸಿ ಪಡೆದ ಅಂಕಿಯಾಗಿದ್ದು, ಅಲ್ಲಿ ಸಿಲ್ಕ್ ಬೋರ್ಡಿನ ಸಿಗ್ನಲ್ಲಾಗಲಿ, ಶಿರಾಡಿ ಘಾಟಿಯ ಏರಾಗಲಿ, ಡಿಕ್ಕಿಯಲ್ಲಿ ಅತ್ತೆಮನೆಯ ಹಲಸಿನಹಣ್ಣುಗಳಾಗಲಿ ಇರುವುದಿಲ್ಲ.

ಮೈಲೇಜು ಕುಸಿದಾಗ ಎಲ್ಲರೂ ಎಂಜಿನ್ನನ್ನು ಶಂಕಿಸುತ್ತಾರೆಯೇ ಹೊರತು ಟೈರನ್ನಲ್ಲ. ಗಾಳಿ ಕಡಿಮೆಯಾದ ಟೈರು ಉರುಳುವಾಗ ಹೆಚ್ಚು ಬಾಗಿ ಶಕ್ತಿಯನ್ನು ಶಾಖವಾಗಿ ಕಳೆಯುತ್ತದೆ. ಉರುಳುತಡೆ ಎನಿಸಿಕೊಳ್ಳುವ ಈ ಸೋರಿಕೆಯ ಬೆಲೆಯನ್ನು ಕೊನೆಗೆ ಇಂಧನವೇ ತೆರಬೇಕಾಗುತ್ತದೆ. ಒತ್ತಡವನ್ನು ಅಳೆಯುವ ಪಿಎಸ್‌ಐ ಎಂದರೆ ಒಂದು ಚದರ ಅಂಗುಲದ ಮೇಲೆ ಬೀಳುವ ಪೌಂಡುಗಳ ಲೆಕ್ಕ. ಅದು ಎಷ್ಟಿರಬೇಕೆಂಬುದನ್ನು ಸಾಮಾನ್ಯವಾಗಿ ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯೇ ಸಾರುತ್ತಿದ್ದರೂ, ಗಾಳಿ ತುಂಬುವ ಹುಡುಗ “ಎಷ್ಟು ಸಾರ್?” ಎಂದೊಡನೆ ಮಾಲೀಕನು “ಎಲ್ಲರಿಗೂ ಹಾಕೋಷ್ಟು ಹಾಕಪ್ಪ” ಎಂದು ಸಮಾಜವಾದಿಯಾಗುತ್ತಾನೆ. ಓಡಿ ಬಿಸಿಯಾದ ಟೈರಿನ ಒತ್ತಡ ಹಲವು ಪಿಎಸ್‌ಐ ಏರುವುದರಿಂದ ಅಳತೆಯನ್ನು ಗಾಡಿ ತಣ್ಣಗಿರುವಾಗಲೇ ಮಾಡಬೇಕು. ಹಾಗೆಂದು ಅತಿಯಾಗಿ ತುಂಬಿದರೆ ಟೈರಿನ ನಡುಭಾಗ ಸವೆದು, ಕೂತವರ ಬೆನ್ನು ರಸ್ತೆಯ ಗುಂಡಿಗಳನ್ನು ಒಂದೊಂದಾಗಿ ಎಣಿಸುತ್ತದೆ.

ಕಾಸು ಕೊಟ್ಟು ನೈಟ್ರೋಜನ್ ತುಂಬಿಸುವವರಿಗೆ ಸಾದಾ ಗಾಳಿಯಲ್ಲೇ ಅದು ಶೇ. 78ರಷ್ಟು ಪುಕ್ಕಟೆಯಾಗಿದೆಯೆಂಬ ಸತ್ಯ ರುಚಿಸದು. ತಿಂಗಳಿಗೊಮ್ಮೆ ಟೈರಿಗೆ ಹಾಕುವ ಗಾಳಿಯು ನೆಂಟರೆದುರು ಬಿಡುವ ಗಾಳಿಗಿಂತ ಹೆಚ್ಚು ಮೈಲೇಜು ಕೊಡುತ್ತದೆಂಬುದಂತೂ ನಿರ್ವಿವಾದ.