ಏನ್ ಸಾ, ಸರ್ವೇನಾ?

ಭಾನುವಾರ ಬೆಳಗ್ಗೆ ಏಳು ಗಂಟೆ. ರಸೆಲ್ ಮಾರ್ಕೆಟ್ ಮುಂದೆ ಹದಿನೈದು ಜನ ಟೋಪಿ ಹಾಕಿಕೊಂಡು, ನೀರಿನ ಬಾಟಲಿ ಹಿಡಿದುಕೊಂಡು, ಒಟ್ಟಿಗೆ ಕತ್ತೆತ್ತಿ ಕಟ್ಟಡ ನೋಡುತ್ತಿದ್ದೆವು. ಕೊತ್ತಂಬರಿ ಕಟ್ಟಿಗೆ ನೀರು ಚಿಮುಕಿಸುತ್ತಿದ್ದ ಸಾಬರ ಕೈ ಅಲ್ಲೇ ನಿಂತಿತು.

‘ಏನ್ ಸಾ, ಸರ್ವೇನಾ? ರೋಡ್ ಅಗಲ ಮಾಡ್ತಾರಾ?’

ತಪ್ಪು ಅವರದಲ್ಲ. ಗುಂಪಾಗಿ ಬಂದು ಗೋಡೆ ನೋಡಿ ಬರೆದುಕೊಳ್ಳುವವರು ಬಂದು ಹೋದ ಮೇಲೆ ಶಿವಾಜಿನಗರದಲ್ಲಿ ಯಾರಿಗೂ ಒಳ್ಳೆಯದಾದದ್ದಿಲ್ಲ. ‘ಅಲ್ಲ ಸಾಬರೇ, ಹೆರಿಟೇಜ್ ವಾಕ್. ದುಡ್ಡು ಕೊಟ್ಟು ನೋಡೋಕೆ ಬಂದಿದ್ದೀವಿ’ ಎಂದೆ. ‘ಏನ್ ನೋಡೋಕೆ?’ ನಿಮ್ಮನ್ನೇ ಎನ್ನಲು ನಾಲಿಗೆ ಬರಲಿಲ್ಲ. ನನ್ನ ಟಿಕೆಟ್ ಮಗಳು ಕೊಡಿಸಿದ್ದು, ಅಷ್ಟು ಮಾತ್ರ ನನ್ನ ಸಮಾಧಾನ.

ಗೈಡ್ ಹುಡುಗ ಚುರುಕು. 1809ರಲ್ಲಿ ಬ್ರಿಟಿಷ್ ಸೈನ್ಯ ಶ್ರೀರಂಗಪಟ್ಟಣ ಬಿಟ್ಟು ಇಲ್ಲಿ ದಂಡು ಕಟ್ಟಿದ್ದು, ಮಾರ್ಕೆಟ್ಟನ್ನು 1933ರಲ್ಲಿ ಇಸ್ಮಾಯಿಲ್ ಸೇಠರು ಉದ್ಘಾಟಿಸಿದ್ದು, ಎಲ್ಲ ಗಡಿಯಾರದಂತೆ ಒಪ್ಪಿಸಿದ. ‘2012ರಲ್ಲಿ ಬೆಂಕಿ ಬಿತ್ತಲ್ಲ, ಅದೂ ಹೇಳಪ್ಪ’ ಎಂದರು ಸಾಬರು. ಹುಡುಗ ನಕ್ಕು ಮುಂದೆ ನಡೆದ. ಸುಟ್ಟ ಅಂಗಡಿಗಳು ಇನ್ನೊಂದು ಎಪ್ಪತ್ತು ವರ್ಷ ಕಾಯಬೇಕು, ಆಮೇಲೆ ಅವೂ ಹೆರಿಟೇಜ್.

ಬಹುಭಾಷಾ ಸಾಮರಸ್ಯದ ಭಾಷಣ ಇಂಗ್ಲಿಷಿನಲ್ಲಿ ನಡೆಯಿತು. ಅಷ್ಟರಲ್ಲಿ ಸಾಬರು ಒಬ್ಬರ ಹತ್ತಿರ ತಮಿಳಿನಲ್ಲಿ, ಇನ್ನೊಬ್ಬರ ಹತ್ತಿರ ತೆಲುಗಿನಲ್ಲಿ, ನನ್ನ ಹತ್ತಿರ ಕನ್ನಡದಲ್ಲಿ ಒಂದೇ ಐದು ರೂಪಾಯಿಗೆ ಜಗಳವಾಡಿ, ಕೂಲಿ ಹುಡುಗನನ್ನು ಉರ್ದುವಿನಲ್ಲಿ ಬೈದು ಮುಗಿಸಿದ್ದರು. ಮೂಟೆ ಹೊತ್ತ ಆ ಹುಡುಗನಿಗೆ ದಾರಿಗೆ ಅಡ್ಡವಾಗಿ ನಿಂತದ್ದು ಸಾಮರಸ್ಯ ಕೇಳುತ್ತಿದ್ದ ನಾವೇ.

ಸೇಂಟ್ ಮೇರಿ ಬೆಸಿಲಿಕಾ ಬಾಗಿಲಲ್ಲಿ ಕೇಳಿದೆ, ‘ಸೆಪ್ಟೆಂಬರ್ 8ಕ್ಕೆ ಮೇರಿಯಮ್ಮನ ತೇರಿಗೂ ಕರಕೊಂಡು ಬರ್ತೀಯೇನಪ್ಪ?’

‘ಆವತ್ತು ವಾಕ್ ಇರಲ್ಲ ಅಂಕಲ್. ತುಂಬಾ ಜನ ಇರ್ತಾರೆ.’

ಹಲಸೂರಿನ ಸೋಮೇಶ್ವರನ ಗುಡಿಯಲ್ಲಿ ಒಬ್ಬಾಕೆ ದೀಪ ಹಚ್ಚುತ್ತಿದ್ದರು. ‘ಆಂಟಿ, ಸ್ವಲ್ಪ ಸರೀತೀರಾ?’ ಎಂದಿತು ಕ್ಯಾಮೆರಾ. ಸರಿದರು. ಗಾಳಿಗೆ ದೀಪ ಆರಿತು, ಕಂಬದ ಫೋಟೊ ಚೆನ್ನಾಗಿ ಬಂತು.

ಕೊನೆಗೆ ಇಂದಿರಾನಗರದಲ್ಲಿ ಕಾಫಿ. ಅದು ಟಿಕೆಟ್‌ನಲ್ಲೇ ಸೇರಿದೆ. ಅರ್ಧ ಜನರ ಮನೆ ಅಲ್ಲೇ. ‘ಹಾಗಾದರೆ ದೂಪನಹಳ್ಳಿ ಹತ್ತಿರವೇ’ ಎಂದೆ. ಪಕ್ಕದ ಹುಡುಗಿ ಬಹಳ ಆಸಕ್ತಿಯಿಂದ ಕೇಳಿದಳು, ‘ಅದು ಯಾವ ಡಿಸ್ಟ್ರಿಕ್ಟ್ ಅಂಕಲ್?’ ನೂರಡಿ ರಸ್ತೆ ದಾಟಿದರೆ ದೂಪನಹಳ್ಳಿ. ಬಿನ್ನಮಂಗಲದ ಹೆಸರು ಎತ್ತುವ ಧೈರ್ಯ ಬರಲಿಲ್ಲ.

ಮುಂದಿನ ವಾಕ್ ಕೆ.ಆರ್.ಪುರಕ್ಕೆ ಇಡಿ ಎಂದು ಸಲಹೆ ಕೊಟ್ಟೆ. ‘ಅಲ್ಲೇನಿದೆ ಅಂಕಲ್, ಟ್ರಾಫಿಕ್ಕು’ ಎಂದ ಗೈಡ್. ಅವನೊಬ್ಬನ ತಾತ್ಸಾರವಲ್ಲ ಇದು. ಬೈಯಪ್ಪನಹಳ್ಳಿಗೆ 2011ರಲ್ಲೇ ಬಂದ ಮೆಟ್ರೊ, ಅಲ್ಲಿಂದ ಎರಡು ಚಿಲ್ಲರೆ ಕಿಲೋಮೀಟರ್ ದೂರದ ಕೆ.ಆರ್.ಪುರ ಮುಟ್ಟಿದ್ದು 2023ರಲ್ಲಿ. ನಡೆದೇ ಹೋಗಿದ್ದರೆ ಅರ್ಧ ಗಂಟೆ.

ಈಗಂತೂ ರೈಲಿದೆ. ಅಲ್ಲಿನ ಸಂತೆ ಮಂಗಳವಾರ. ಗೈಡ್ ಇಲ್ಲ, ಟಿಕೆಟ್ ಇಲ್ಲ. ಚೀಲ ಮಾತ್ರ ನೀವೇ ತನ್ನಿ.